ಜಾತ್ರೆಯ ‘ಜಂಪಿಂಗ್’: ಒಮ್ಮೆಗೆ ಒಂದೇ ಮಗು ಇರಲಿ

ಮಾನ್ಯ ಸಂಪಾದಕರೇ,

ಜಾತ್ರೆಗಳ ಕಾಲ ಶುರುವಾಗಿದೆ. ತೇರುಬೀದಿಯ ಪಕ್ಕದ ಬಯಲಿನಲ್ಲಿ ಬೆಂಡು ಬತ್ತಾಸಿನ ಅಂಗಡಿಗಳ ಸಾಲಿಗೆ ಈಗ ಟ್ರ್ಯಾಂಪೊಲಿನ್, ಅಂದರೆ ಸ್ಪ್ರಿಂಗುಗಳಿಗೆ ಬಿಗಿದ, ಮಕ್ಕಳು ಜಿಗಿದಾಡುವ ಹಾಸು ಕೂಡ ಬಂದು ಸೇರಿದೆ. ಮಕ್ಕಳ ಬಾಯಲ್ಲಿ ಅದು ಬರೀ ‘ಜಂಪಿಂಗ್’. ಹೋದ ವರ್ಷ ನಮ್ಮೂರಿನ ಜಾತ್ರೆಯಲ್ಲಿ ನನ್ನ 4 ವರ್ಷದ ಮೊಮ್ಮಗಳು ಅದರ ಮೇಲೆ ಕಾಲು ಮುರಿದುಕೊಂಡಳು.

ಸುತ್ತಲೂ ಬಲೆ ಇತ್ತು, ಕಂಬಗಳಿಗೆ ಸ್ಪಂಜು ಸುತ್ತಿದ್ದರು. 50 ರೂಪಾಯಿ ಕೊಟ್ಟು, ಅವಳ ಪುಟ್ಟ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಾನು ಬಲೆಗೆ ಒತ್ತಿಕೊಂಡೇ ನಿಂತಿದ್ದೆ. ಒಳಗೆ ಅದಾಗಲೇ ಹೈಸ್ಕೂಲಿನ ಇಬ್ಬರು ಹುಡುಗರು ಜಿಗಿಯುತ್ತಿದ್ದರು. ಅವರು ಇಳಿದಾಗಲೆಲ್ಲ ಇವಳು ಚೆಂಡಿನಂತೆ ಮೇಲೆ ಪುಟಿಯುತ್ತಿದ್ದಳು, ಕೇಕೆ ಹಾಕಿ ನಗುತ್ತಿದ್ದಳು. ನೋಡಿ ನಾನೂ ನಕ್ಕೆ. ಇದ್ದಕ್ಕಿದ್ದಂತೆ ಗೆಜ್ಜೆಯ ಸದ್ದು ನಿಂತಿತು. ಬಿದ್ದಿರಲಿಲ್ಲ, ಯಾರೂ ಡಿಕ್ಕಿ ಹೊಡೆದಿರಲಿಲ್ಲ. ಹಾಸಿನ ನಟ್ಟನಡುವೆ ಸುಮ್ಮನೆ ಕುಳಿತುಬಿಟ್ಟಿದ್ದಳು. ಎತ್ತಿ ತಂದು ನೆಲಕ್ಕೆ ಬಿಟ್ಟರೆ ಎಡಗಾಲು ಊರಲೊಲ್ಲಳು.

ಉಳುಕಿರಬೇಕು ಎಂದುಕೊಂಡೆವು. ರಾತ್ರಿ ಎಣ್ಣೆ ಬಿಸಿ ಮಾಡಿ, ಉಳುಕು ತೆಗೆಯುವವರನ್ನು ಕರೆಸಿ ಕಾಲು ನೀವಿಸಿದೆವು. ಆ ಮಗು ಚೀರಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮರುದಿನ ಮೂಳೆ ವೈದ್ಯರು ಎಕ್ಸ್‌ರೇಗೆ ಕಳಿಸುವ ಮೊದಲೇ ಕೇಳಿದರು: ‘ಜೊತೆಯಲ್ಲಿ ದೊಡ್ಡವರು ಯಾರಾದರೂ ಜಿಗಿಯುತ್ತಿದ್ದರೇ?’ ಹೌದು ಎಂದೆ. ಆಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ತುಸು ಕೆಳಗೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದನ್ನು ತೋರಿಸಿದರು. ಪುಟ್ಟ ಮಕ್ಕಳಲ್ಲಿ ಆಗುವ ಈ ಮುರಿತಕ್ಕೆ ವೈದ್ಯರು ‘ಟ್ರ್ಯಾಂಪೊಲಿನ್ ಮುರಿತ’ ಎಂದೇ ಹೆಸರಿಟ್ಟಿದ್ದಾರಂತೆ. ಎಷ್ಟೋ ಸಲ ಮೊದಲ ಎಕ್ಸ್‌ರೇಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲವಂತೆ.

ಅವರು ವಿವರಿಸಿದ್ದು ಇಷ್ಟು. ಭಾರವಿರುವವನು ಇಳಿದಾಗ ಹಾಸು ಆಳಕ್ಕೆ ಕುಸಿಯುತ್ತದೆ, ಸ್ಪ್ರಿಂಗುಗಳು ಅದನ್ನು ಅಷ್ಟೇ ರಭಸದಿಂದ ಮೇಲಕ್ಕೆ ಎಳೆಯುತ್ತವೆ. ಅದೇ ಕ್ಷಣಕ್ಕೆ ಮಗು ಕೆಳಗಿಳಿಯುತ್ತಿದ್ದರೆ, ಎದ್ದು ಬರುವ ಹಾಸು ಅದರ ಅಂಗಾಲಿಗೆ ಒದೆಯುತ್ತದೆ. 50 ಕಿಲೋ ಹುಡುಗನ ಜಿಗಿತದ ಬಲವನ್ನು 15 ಕಿಲೋ ಮಗುವಿನ ಎಳೆ ಮೂಳೆ ತಡೆದುಕೊಳ್ಳಬೇಕು. ಬಲೆ ಮಗುವನ್ನು ಹೊರಗೆ ಬೀಳದಂತೆ ಹಿಡಿದೀತು, ಕೆಳಗಿನಿಂದ ಬರುವ ಒದೆತಕ್ಕೆ ಅದೇನು ಮಾಡೀತು?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೊರಡಿಸಿದ ಹೇಳಿಕೆಯನ್ನು ಮಗ ಹುಡುಕಿ ಓದಿ ಹೇಳಿದ. ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಂದೇ ಹಾಸಿನ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಜಿಗಿಯುವಾಗ. ಜೊತೆಗಿದ್ದ ಭಾರದವರಿಗೆ ಹೋಲಿಸಿದರೆ ಎಲ್ಲರಿಗಿಂತ ಚಿಕ್ಕ ಮಗುವಿಗೆ ಗಾಯವಾಗುವ ಸಂಭವ 14 ಪಟ್ಟಿನವರೆಗೂ ಹೆಚ್ಚು. ಇನ್ನೊಂದು ಮಾತು ನನ್ನನ್ನು ಚುಚ್ಚಿತು: ಗಾಯಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಆಗಿರುವುದು ದೊಡ್ಡವರು ನೋಡುತ್ತ ನಿಂತಿದ್ದಾಗಲೇ. ನಾನೂ ನೋಡುತ್ತಲೇ ನಿಂತಿದ್ದೆನಲ್ಲ! ಲಾಗ ಹಾಕಲು ಹೋಗಿ ಕತ್ತು ಮುರಿದುಕೊಂಡವರೂ ಇದ್ದಾರೆ. ಅದು ಅಪರೂಪ, ಆದರೆ ಬೆನ್ನುಹುರಿಗೆ ಪೆಟ್ಟಾದರೆ ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾದೀತು. ಅಲ್ಲಿನ ಮೂಳೆ ತಜ್ಞರ ಅಕಾಡೆಮಿ 6 ವರ್ಷದೊಳಗಿನ ಮಕ್ಕಳನ್ನು ಹತ್ತಿಸಲೇಬಾರದು ಎನ್ನುತ್ತದೆ.

ಎಳೆ ಮೂಳೆ ಬೇಗ ಕೂಡಿತು. ಪ್ಲಾಸ್ಟರ್ ಬಿಚ್ಚಿ, ಈಗ ಅವಳು ಓಡಾಡುತ್ತಿದ್ದಾಳೆ.

ಅಂಗಡಿಯವನನ್ನು ದೂರಲು ನನಗೆ ಮನಸ್ಸಿಲ್ಲ. ನಾಲ್ಕಾರು ದಿನದ ಜಾತ್ರೆಯಲ್ಲಿ ಅವನು ನೆಲಬಾಡಿಗೆ, ಲಾರಿ ಬಾಡಿಗೆ, ಆಳಿನ ಕೂಲಿ ಎಲ್ಲವನ್ನೂ ದುಡಿದುಕೊಳ್ಳಬೇಕು. ಅವನೊಬ್ಬನೇ ಒಂದೊಂದೇ ಮಗುವನ್ನು ಒಳಗೆ ಬಿಟ್ಟರೆ ಉಳಿದವರು ಪಕ್ಕದ ಜಂಪಿಂಗ್‌ಗೆ ಹೋಗುತ್ತಾರೆ. ಹಾಗಾಗಿ ಜಾಗ ಕೊಡುವವರೇ ಎಲ್ಲರಿಗೂ ಒಂದೇ ಷರತ್ತು ಹಾಕಬೇಕು. ಪಂಚಾಯಿತಿಯಾಗಲಿ, ಪುರಸಭೆಯಾಗಲಿ, ದೇವಸ್ಥಾನ ಸಮಿತಿಯಾಗಲಿ, ಜಾಗದ ಹರಾಜು ಕೂಗುವಾಗಲೇ ಇದನ್ನು ಬರೆಸಿಕೊಳ್ಳಲಿ: ಒಂದು ಹಾಸಿನ ಮೇಲೆ ಒಮ್ಮೆಗೆ ಒಂದೇ ಮಗು, 6 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಲಾಗ ಹಾಕುವಂತಿಲ್ಲ. ಇದನ್ನೇ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬಾಗಿಲ ಬಳಿ ತೂಗುಹಾಕಲಿ. ಮಾಲ್‌ಗಳಿಗೂ, ಹುಟ್ಟುಹಬ್ಬಕ್ಕೆಂದು ಮನೆಯಂಗಳಕ್ಕೆ ಬಾಡಿಗೆಗೆ ತರಿಸುವವರಿಗೂ ಇದೇ ಮಾತು ಹೇಳುತ್ತೇನೆ. ಜಿಗಿದು ಬಂದ ಮಗು ಕಾಲು ಊರದಿದ್ದರೆ ದಯವಿಟ್ಟು ನೀವಿಸಬೇಡಿ, ಬಾವಿಲ್ಲವೆಂದು ಸುಮ್ಮನಿರಬೇಡಿ. ನಾವು ಮಾಡಿದ ತಪ್ಪು ಅದೇ.

ನಮ್ಮೂರಿನ ಜಾಗದ ಹರಾಜು ಬರುವ ತಿಂಗಳಿದೆ. ಈ ಷರತ್ತುಗಳನ್ನು ಸೇರಿಸಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ. ಬೇರೆ ಊರುಗಳ ಹಿರಿಯರೂ ಹರಾಜಿಗೆ ಮೊದಲೇ ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಚಿತ್ರದುರ್ಗ ಜಿಲ್ಲೆ