ಮಳೆಗಾಲದಲ್ಲಿ ಸ್ಪ್ರೇ ಕೆಲಸ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ವರ್ಷದಿಂದ ತುಳುನಾಡಿನ ಪತ್ತನಾಜೆ ದಿನ ಕಳೆದ ಮೇಲೆ, ಅಂದರೆ ಮೇ 25ರಿಂದ ಅಕ್ಟೋಬರ್ 15ರ ತನಕ, ನಮ್ಮ ಮಂಗಳೂರಿನ ವರ್ಕ್‌ಶಾಪಿನಲ್ಲಿ ಗನ್‌ಪ್ಲಾ ಕಿಟ್‌ಗಳಿಗೆ (ಜಪಾನಿನ ಗಂಡಮ್ ಕಾರ್ಟೂನಿನ ರೋಬೋಟ್‌ಗಳ ಪ್ಲಾಸ್ಟಿಕ್ ಮಾದರಿಗಳು, ಬಿಡಿಭಾಗ ಜೋಡಿಸಿ ಮಾಡುವಂಥವು) ಸ್ಪ್ರೇ ಕೆಲಸ ಮಾಡುವುದಿಲ್ಲ. ಪ್ರೈಮರ್, ಬಣ್ಣ, ಟಾಪ್ ಕೋಟ್ ಯಾವುದೂ ಇಲ್ಲ. ಕೈಯಲ್ಲಿ ಮಾಡುವ ಕೆಲಸ ಮಾತ್ರ ನಡೆಯುತ್ತದೆ.

ಇದಕ್ಕೆ ಕಾರಣ ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಡೆದ ಒಂದು ಘಟನೆ. ಗ್ರಾಹಕರೊಬ್ಬರು ಮಾಸ್ಟರ್ ಗ್ರೇಡ್ ಎಂಬ ದೊಡ್ಡ ಅಳತೆಯ ಕಿಟ್ ತಂದಿದ್ದರು. ಪಿಯುಸಿ ಮುಗಿಸಿದ ಮಗನಿಗೆ ಕೊಡಿಸಿದ್ದು, ಮಗನೇ ಕೂತು ಜೋಡಿಸಿದ್ದು. ಕಡುನೀಲಿ ಮೈ. ಬಣ್ಣ ಚೆನ್ನಾಗಿ ಬಂದಿತ್ತು, ಡೆಕಾಲ್‌ಗಳೂ (ಅಂಟಿಸುವ ಗುರುತು, ಅಕ್ಷರಗಳು) ಸರಿಯಾಗಿ ಕೂತಿದ್ದವು. ಉಳಿದದ್ದು ಹೊಳಪು ತೆಗೆಯುವ ಕೊನೆಯ ಮ್ಯಾಟ್ ಕೋಟ್ ಒಂದೇ. ಹೊರಗೆ ಮಳೆ ಹೊಯ್ಯುತ್ತಿತ್ತು. ಹೇಳಿದ ದಿನಕ್ಕೆ ಕೊಡಬೇಕು ಎಂದು ಹೊಡೆದೇಬಿಟ್ಟೆವು. ಹತ್ತು ನಿಮಿಷದಲ್ಲಿ ಎದೆ, ಭುಜದ ಮೇಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ಮಬ್ಬು ಬಂತು. ಗಾಬರಿಯಲ್ಲಿ ಅದರ ಮೇಲೆ ಇನ್ನೊಂದು ಕೋಟ್ ಹೊಡೆದೆವು. ನಮ್ಮ ದೊಡ್ಡ ತಪ್ಪು ಅದು. ಮಬ್ಬು ಇನ್ನೂ ದಪ್ಪವಾಯಿತು, ಮೈ ಮೇಲೆ ಕೊರೆದ ಸೂಕ್ಷ್ಮವಾದ ಪ್ಯಾನಲ್ ಗೆರೆಗಳು ಬಣ್ಣದಲ್ಲಿ ತುಂಬಿಹೋದವು. ನಮ್ಮ ಖರ್ಚಿನಲ್ಲಿ ಹೊಸ ಕಿಟ್ ತರಿಸಿ ಕೊಟ್ಟೆವು. ಆದರೆ ಆ ಹುಡುಗ ಜೋಡಿಸಿದ ಕಿಟ್ ಅದಲ್ಲ, ಅಲ್ವಾ? ಅವನು ಏನೂ ಹೇಳದೆ ಡಬ್ಬಿ ತೆಗೆದುಕೊಂಡು ಹೋದದ್ದು ನಮಗೆ ಇವತ್ತಿಗೂ ನೆನಪಿದೆ.

ಯಾಕೆ ಹೀಗಾಗುತ್ತದೆ ಎನ್ನುವುದು ನಿಮಗೂ ಗೊತ್ತಿರಲಿ. ಲ್ಯಾಕರ್ ಬಣ್ಣದಲ್ಲಿರುವ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುತ್ತದಲ್ಲ, ಹಾಗೆಯೇ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಕೂರುತ್ತವೆ. ಅವು ಹಸಿ ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿಯಾಗಿ ಕಾಣುತ್ತವೆ. ಬಿಳಿ ಕಿಟ್‌ನಲ್ಲಿ ಇದು ಗೊತ್ತಾಗದೆ ಹೋಗಬಹುದು, ಕಡುಬಣ್ಣದಲ್ಲಿ ಎದ್ದು ಕಾಣುತ್ತದೆ. ನಮ್ಮೂರಿನ ಮರದ ಪಾಲಿಶ್‌ನವರಿಗೆ ಇದು ಹೊಸದಲ್ಲ. ಮಳೆ ಹಿಡಿದ ಮೇಲೆ ಪಾಲಿಶ್ ಹೊಡೆಸಿದರೆ ಬಾಗಿಲು ಬೆಳ್ಳಗಾಗುತ್ತದೆ ಎಂದು ಅವರು ಮೊದಲೇ ಹೇಳುತ್ತಾರೆ. ನಮ್ಮ ಮನೆಗಳಲ್ಲೂ ಹಪ್ಪಳ, ಸಂಡಿಗೆ ಒಣಗಿಸುವುದು ಮೇ ತಿಂಗಳ ಒಳಗೇ ಮುಗಿಯುತ್ತದೆ. ನಾವು ಮಾತ್ರ ವರ್ಷವಿಡೀ ಸ್ಪ್ರೇ ಮಾಡಲು ಹೊರಟಿದ್ದೆವು.

ಬೇರೆ ದಾರಿ ಹುಡುಕದೆ ಈ ತೀರ್ಮಾನಕ್ಕೆ ಬಂದಿಲ್ಲ. ತೇವಾಂಶ ಎಳೆಯುವ ಯಂತ್ರ ತಂದು ಇಟ್ಟೆವು. ಕೋಣೆ ಮುಚ್ಚಿದ್ದಾಗ ತೇವಾಂಶದ ಮೀಟರ್ ಶೇಕಡಾ 60ಕ್ಕೆ ಇಳಿಯುತ್ತಿತ್ತು. ಸ್ಪ್ರೇ ಬೂತಿನ ಫ್ಯಾನ್ ಹಾಕಿದರೆ ಅದು ಒಳಗಿನ ಒಣ ಗಾಳಿಯನ್ನೆಲ್ಲ ಹೊರಗೆ ತಳ್ಳುತ್ತದೆ, ಬಾಗಿಲ ಸಂದಿನಿಂದ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೀಟರ್ ಮತ್ತೆ 85. ಫ್ಯಾನ್ ಬಂದ್ ಮಾಡಿ ಥಿನ್ನರ್ ಹೊಗೆಯಲ್ಲಿ ಕೆಲಸ ಮಾಡುವಂತಿಲ್ಲ. ನಮ್ಮ ಹುಡುಗರ ಶ್ವಾಸಕೋಶದ ಪ್ರಶ್ನೆ ಅದು, ಬೆಂಕಿಯ ಭಯ ಬೇರೆ. ರಿಟಾರ್ಡರ್ ಸೇರಿಸಿಯೂ ನೋಡಿದೆವು. ಅದು ಬಣ್ಣ ನಿಧಾನವಾಗಿ ಆರುವಂತೆ ಮಾಡುತ್ತದೆ, ಒಳಗಿನ ನೀರಿಗೆ ಹೊರಗೆ ಹೋಗಲು ಸಮಯ ಸಿಗುತ್ತದೆ. ಸಾಧಾರಣ ತೇವಕ್ಕೆ ಒಳ್ಳೆಯ ಉಪಾಯ. ಆಟಿಯ ಮಳೆಗೆ ಸಾಲಲಿಲ್ಲ, ಹೆಚ್ಚು ಹಾಕಿದರೆ ಬಣ್ಣ ಹರಿದು ಮೂಲೆಗಳಲ್ಲಿ ನಿಲ್ಲುತ್ತಿತ್ತು. ನೀರಿನ ಅಕ್ರಿಲಿಕ್ ಬಣ್ಣ ಆ ಹವೆಯಲ್ಲಿ ದಿನಗಟ್ಟಲೆ ಅಂಟಂಟಾಗಿಯೇ ಇತ್ತು. ಅದರ ಪದರ ಲ್ಯಾಕರ್‌ನಷ್ಟು ಗಟ್ಟಿಯೂ ಅಲ್ಲ, ಕೈಕಾಲು ಆಡಿಸುವ ಕಿಟ್‌ಗಳಲ್ಲಿ ಸಂದುಗಳ ಹತ್ತಿರ ಕಿತ್ತು ಬಂತು.

ಕಿಟ್ ಹೇಗೂ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತದೆ, ಮ್ಯಾಟ್ ಬಿಟ್ಟು ಕೊಡಿ ಎಂದು ಕೆಲವರು ಕೇಳಿದ್ದೀರಿ. ನಿಜ, 1980ರ ಜುಲೈಯಲ್ಲಿ ಬಂಡಾಯ್ ಕಂಪನಿ 300 ಯೆನ್‌ಗೆ ಮೊದಲ ಗಂಡಮ್ ಕಿಟ್ ತಂದಾಗ ಅಂಟು, ಬಣ್ಣ ಎರಡೂ ಬೇಕಿತ್ತು. ಈಗ ಅಂಟೂ ಬೇಡ, ಬಣ್ಣ ಹಾಕದಿದ್ದರೂ ನೋಡಲು ಚೆಂದವೇ. ಆದರೂ ಮ್ಯಾಟ್ ಇಲ್ಲದೆ ಕೊಡಲು ನಮಗೆ ಮನಸ್ಸು ಬರುವುದಿಲ್ಲ. ಗಂಡಮ್ ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರ. 1/144 ಅಳತೆಯಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರ್. ಅಷ್ಟು ಸಣ್ಣ ಮೈ ಮೇಲೆ ಟ್ಯೂಬ್‌ಲೈಟ್ ಪೂರ್ತಿ ಹೊಳೆದರೆ ಕಣ್ಣಿಗೆ ಅದು ಆಟಿಕೆ. ಆ ಹೊಳಪು ಹೋದರೆ ಅದೇ ಕಿಟ್‌ಗೆ ತೂಕ ಬರುತ್ತದೆ, ಗೆರೆಗಳು ಆಳವಾಗಿ ಕಾಣುತ್ತವೆ. ಈ ಒಂದು ಕೋಟ್‌ಗಾಗಿಯೇ ನಾವು ಈ ಕೆಲಸಕ್ಕೆ ಇಳಿದವರು. ಅದನ್ನು ಅರೆಬರೆ ಮಾಡುವುದು ಬೇಡ. ಜಪಾನಿನಲ್ಲೂ ಜೂನ್, ಜುಲೈಯಲ್ಲಿ ತ್ಸುಯು ಎಂಬ ಮಳೆಗಾಲ ಇದೆ. ಅಲ್ಲಿನ ಹವ್ಯಾಸಿಗಳೂ ಒಣ ದಿನ ಕಾದು ಸ್ಪ್ರೇ ಮಾಡುತ್ತಾರೆ.

ಮಳೆಗಾಲದಲ್ಲಿ ನಮ್ಮ ಬಾಗಿಲು ಮುಚ್ಚಿರುವುದಿಲ್ಲ. ಕಿಟ್ ತಂದುಕೊಡಿ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿದಲ್ಲಿ ಉಳಿಯುವ ಗೇಟ್ ಗುರುತು ತೆಗೆಯುವುದು, ಎರಡು ಭಾಗ ಸೇರುವಲ್ಲಿ ಕಾಣುವ ಸೀಮ್ ಮುಚ್ಚುವುದು, ಪ್ಯಾನಲ್ ಗೆರೆಗಳನ್ನು ಮತ್ತೆ ಕೊರೆಯುವುದು, ಇವೆಲ್ಲ ನಡೆಯುತ್ತವೆ. ನಿಜ ಹೇಳಬೇಕೆಂದರೆ ಮೊದಲು ಅವಸರ ಆಗುತ್ತಿದ್ದದ್ದು ಇಲ್ಲೇ. 400ರ ಉಜ್ಜುಕಾಗದದಿಂದ ಶುರು ಮಾಡಿ 600, 800, 1000 ಎಂದು ಒಂದೊಂದಾಗಿ ಉಜ್ಜಬೇಕು. ನಡುವೆ ಒಂದನ್ನು ಬಿಟ್ಟರೆ ಗೀರು ಬಣ್ಣದ ಕೆಳಗಿಂದ ಇಣುಕುತ್ತದೆ. ಈಗ ಅದಕ್ಕೆ ನಾಲ್ಕೂವರೆ ತಿಂಗಳು ಸಿಗುತ್ತದೆ. ಸಿದ್ಧವಾದ ಬಿಡಿಭಾಗಗಳನ್ನು ಹೆಸರು ಬರೆದು ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಅಕ್ಟೋಬರ್‌ನಲ್ಲಿ, ಕಿಟ್‌ಗಳು ಬಂದ ಸರದಿಯಂತೆಯೇ ಬಣ್ಣಕ್ಕೆ ತೆಗೆದುಕೊಳ್ಳುತ್ತೇವೆ.

ಈ ತಿಂಗಳುಗಳಲ್ಲಿ ಮನೆಯಲ್ಲೇ ಪ್ಯಾನಲ್ ಲೈನ್ ಮಾಡುವವರಿಗೆ, ಅಂದರೆ ಆ ಗೆರೆಗಳಿಗೆ ಕಡುಬಣ್ಣ ತುಂಬುವವರಿಗೆ, ಒಂದು ಮಾತು. ಎನಾಮೆಲ್ ಲೈನ್ ಬಣ್ಣವನ್ನು ಜೋಡಿಸಿಟ್ಟ ಕಿಟ್‌ನ ಬರೀ ಪ್ಲಾಸ್ಟಿಕ್ ಮೇಲೆ ಸುರಿಯಬೇಡಿ. ಬಿಗಿಯಾಗಿ ಕೂತ, ಎಬಿಎಸ್ ಎಂಬ ಪ್ಲಾಸ್ಟಿಕ್‌ನ ಕೀಲುಗಳೊಳಗೆ ಅದರ ಥಿನ್ನರ್ ಇಳಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಭಾಗ ಬಿಚ್ಚಿ, ಹೊಳಪಿನ (ಗ್ಲಾಸಿ) ಕೋಟ್ ಆದ ಮೇಲೆ ಮಾಡಿ. ಅಲ್ಲಿಯವರೆಗೆ ಕಾಯಲು ಆಗದಿದ್ದರೆ ನೀರಿನ ಶಾಯಿಯ ಸಣ್ಣ ಮೊನೆ ಪೆನ್ ಸಾಕು.

ಬೇಸಿಗೆಯಲ್ಲೇ ಬಣ್ಣ ಮುಗಿಯಬೇಕು ಎನ್ನುವವರು ಮೇ 5ರ ಒಳಗೆ ಕಿಟ್ ತಲುಪಿಸಿ. ಒಂದೊಂದು ಕೋಟ್ ಆರಲು, ಡೆಕಾಲ್ ಒಣಗಲು ದಿನಗಳು ಬೇಕು. ಅದಕ್ಕಿಂತ ತಡವಾದರೆ ಅವಸರವಾಗುತ್ತದೆ. ದರ ಹಳೆಯದೇ. ಈಗಾಗಲೇ ಮುಂಗಡ ಕೊಟ್ಟು ಜೂನ್, ಜುಲೈಗೆ ಬುಕ್ ಮಾಡಿದವರಿಗೆ ಈ ವಾರ ನಾವೇ ಫೋನ್ ಮಾಡುತ್ತೇವೆ. ಕಾಯಲು ಇಷ್ಟವಿಲ್ಲದಿದ್ದರೆ ಹಣ ಪೂರ್ತಿ ವಾಪಸ್. ಬೇಸರ ಮಾಡಿಕೊಳ್ಳುವುದಿಲ್ಲ.

ಹಿಂದಿನ ಮಳೆಗಾಲಗಳಲ್ಲಿ ನಮ್ಮಿಂದ ಬಣ್ಣ ಹಾಕಿಸಿಕೊಂಡ ಕಿಟ್‌ಗಳನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಬಿಳಿ ಮಬ್ಬು ಕಂಡರೆ ತನ್ನಿ. ಹಳೆಯದಾದರೂ ಪರವಾಗಿಲ್ಲ, ಒಣ ಹವೆಯಲ್ಲಿ ಖರ್ಚಿಲ್ಲದೆ ಸರಿಮಾಡಿ ಕೊಡುತ್ತೇವೆ.

ನಿಮ್ಮ,
ವರ್ಕ್‌ಶಾಪಿನ ಮೂವರು
ಮಂಗಳೂರು