ಸೋಮವಾರದಿಂದ ಎಲ್ಲ ವಾರ್ಡಿಗೂ ಒಂದೇ ಪದ್ಧತಿ

ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರದಿಂದ ನಮ್ಮ ತಾಲೂಕು ಆಸ್ಪತ್ರೆಯ ಎಲ್ಲ ವಾರ್ಡ್, ಲೇಬರ್ ರೂಮ್, ಲ್ಯಾಬ್‌ಗಳಲ್ಲಿ ಸೋಂಕು ತಡೆಯುವ ಕ್ರಮ ಒಂದೇ ರೀತಿ ಇರಬೇಕು. ಡಾಕ್ಟರ್, ನರ್ಸ್, ಗ್ರೂಪ್ ಡಿ ಸಿಬ್ಬಂದಿ ಎಲ್ಲರೂ ಪಾಲಿಸಬೇಕು.

ಮುಖ್ಯವಾಗಿ ಕೈ. ಪ್ರತಿ ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸ್ಯಾನಿಟೈಸರ್ ಹಾಕಿ 20ರಿಂದ 30 ಸೆಕೆಂಡ್ ಉಜ್ಜಿ. ಕೊಳೆ, ರಕ್ತ ಕಂಡರೆ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಹೆಬ್ಬೆರಳು, ಬೆರಳ ತುದಿ ಬಿಟ್ಟುಹೋಗೋದೇ ಜಾಸ್ತಿ, ಅಲ್ವಾ? ಗ್ಲೌಸ್ ಇದೆ ಅಂತ ಕೈ ತೊಳೆಯೋದು ಬಿಡಬೇಡಿ.

ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ಸೀದಾ ಬಿಳಿ ಡಬ್ಬಿಗೆ ಹಾಕಿ. ಕಸ ಒಯ್ಯುವ ಅಕ್ಕಂದಿರ ಕೈಗೆ ಅದು ಚುಚ್ಚಬಾರದು. ರಕ್ತವಾದ ಹತ್ತಿ, ಬ್ಯಾಂಡೇಜ್ ಹಳದಿಗೆ, ಐವಿ ಸೆಟ್, ಗ್ಲೌಸ್ ಕೆಂಪಿಗೆ, ಗಾಜು ನೀಲಿಗೆ.

ಸ್ಯಾನಿಟೈಸರ್, ಡಬ್ಬಿ ಎಲ್ಲೆಲ್ಲಿ ಸಾಲದು ಅಂತ ಇನ್‌ಚಾರ್ಜ್ ಸಿಸ್ಟರ್‌ಗಳು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.