ಸಂಪಾದಕೀಯ: ಜಗುಲಿಗೆ ಬಂದ ಕವಿತೆ

ಆತ್ಮೀಯ ಓದುಗರೇ,

ಈ ಸಲದ ಸುದ್ದಿಪತ್ರವನ್ನು ತೊಂಬತ್ತರ ದಶಕದ ಸಿನಿಮಾ, ಕಿರುತೆರೆ ಮತ್ತು ಸಂಗೀತದ ನೆನಪುಗಳಿಗೆ ಮೀಸಲಿಡುತ್ತೇವೆಂದು ಹೇಳಿ ಸದಸ್ಯರಿಂದ ಬರಹಗಳನ್ನು ಕೇಳಿದಾಗ ಇಷ್ಟೊಂದು ಬರುತ್ತವೆಂದು ನಾವು ಎಣಿಸಿರಲಿಲ್ಲ. 1994ರಲ್ಲಿ ಉದಯ ಟಿವಿ ಆರಂಭವಾದದ್ದು, 1995ರಲ್ಲಿ ‘ಓಂ’ ಚಿತ್ರ ತೆರೆಗೆ ಬಂದದ್ದು, ಅದೇ ವರ್ಷದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಡಾ. ರಾಜ್‌ಕುಮಾರ್ ಅವರಿಗೆ ಸಂದದ್ದು, ಇವುಗಳ ಬಗ್ಗೆ ಹಲವರು ಪ್ರೀತಿಯಿಂದ ಬರೆದಿದ್ದಾರೆ. ಒಳಪುಟಗಳಲ್ಲಿ ಅವನ್ನು ನೀವು ಓದುತ್ತೀರಿ. ಆದರೆ ಶಿವಮೊಗ್ಗ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಹತ್ತು ವರ್ಷಗಳ ಅತಿ ದೊಡ್ಡ ಘಟನೆ ಎನಿಸುವ ಸಂಗತಿ ಬೇರೆಯದು, ಮತ್ತು ಅದು ಯಾವ ಬರಹದಲ್ಲೂ ನೇರವಾಗಿ ಬಂದಿಲ್ಲ. ಪಠ್ಯಪುಸ್ತಕದಲ್ಲಿ, ಕವಿಗೋಷ್ಠಿಗಳಲ್ಲಿ, ಕಾಲೇಜಿನ ಕೊಠಡಿಗಳಲ್ಲಿ ಇದ್ದ ಕನ್ನಡ ಕವಿತೆ ಆ ದಶಕದಲ್ಲಿ ಕ್ಯಾಸೆಟ್ಟು, ಸಿನಿಮಾ, ಧಾರಾವಾಹಿಗಳ ಮೂಲಕ ಎಲ್ಲರ ಮನರಂಜನೆಯ ಒಳಗೇ ಬಂದು ಕುಳಿತಿತು. ಸಂಪಾದಕೀಯದ ಈ ಜಾಗವನ್ನು ಆ ವಿಷಯಕ್ಕಾಗಿ ಬಳಸಿಕೊಳ್ಳುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟ ಮುಗಿಸಿ ಹತ್ತು ಹನ್ನೆರಡು ಜನ ಜಗುಲಿಯಲ್ಲಿ ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯಲು ಕೂರುತ್ತಿದ್ದರು. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಮೊದಲು ಆಕಾಶವಾಣಿ ಭದ್ರಾವತಿ ಇರುತ್ತಿತ್ತು. ಅದು ಮುಗಿದ ಮೇಲೆ ಚಿಕ್ಕಪ್ಪ ಶಿವಮೊಗ್ಗದಿಂದ ತಂದಿದ್ದ ಟೇಪ್‌ರೆಕಾರ್ಡರ್. ಸಿಪ್ಪೆಯ ಕರೆ ಹತ್ತಿದ ಬೆರಳು ತಾಗಿ ಗುಂಡಿಗಳು ಅಂಟಬಾರದೆಂದು ದೊಡ್ಡಮ್ಮ ಮೊಣಕೈಯಿಂದಲೇ ಅದನ್ನು ಒತ್ತುತ್ತಿದ್ದರು. ಒಂದು ಬದಿ ಮುಗಿದಾಗ ಕ್ಯಾಸೆಟ್ಟು ಮಗುಚಿ ಹಾಕುವುದು, ಟೇಪು ಸಿಕ್ಕಿಕೊಂಡು ಹೊರಗೆ ಬಂದರೆ ಪೆನ್ಸಿಲ್ ತೂರಿಸಿ ಹಲ್ಲು ಹಲ್ಲಾಗಿ ಸುತ್ತುವುದು, ಇವು ಮಕ್ಕಳ ಕೆಲಸ. ಕರೆಂಟು ಹೋದರೆ ಬ್ಯಾಟರಿ ಶೆಲ್ಲು ಇತ್ತು, ಆದರೆ ಶೆಲ್ಲಿನ ಕಸುವು ಇಳಿಯುತ್ತ ಬಂದಂತೆ ಹಾಡುವವರ ದನಿ ಎಳೆದುಕೊಂಡು ದಪ್ಪವಾಗುತ್ತಿತ್ತು. ಮರುದಿನ ಅಂಗಳದ ಅಟ್ಟದ ಮೇಲೆ ಬೇಯಿಸಿದ ಅಡಿಕೆಯ ಪಕ್ಕದಲ್ಲೇ ಆ ಶೆಲ್ಲುಗಳನ್ನೂ ಬಿಸಿಲಿಗೆ ಇಡುತ್ತಿದ್ದೆವು.

ಆ ಜಗುಲಿಯಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ಕವನ ಸಂಕಲನವನ್ನೂ ಕೈಯಲ್ಲಿ ಹಿಡಿದವರಲ್ಲ. ಆದರೂ ಕೆ.ಎಸ್. ನರಸಿಂಹಸ್ವಾಮಿಯವರ, ಬೇಂದ್ರೆಯವರ, ಕುವೆಂಪು ಅವರ, ಶಿಶುನಾಳ ಶರೀಫರ ಸಾಲುಗಳು ಅವರಿಗೆ ಬಾಯಿಗೆ ಬರುತ್ತಿದ್ದವು. ದೊಡ್ಡಮ್ಮ ಓದಿದ್ದು ನಾಲ್ಕನೇ ತರಗತಿ. ಕವಿತೆಯೊಂದರಲ್ಲಿ ತವರಿಗೆ ಹೋದ ಹೆಂಡತಿಯ ಮಾತು ಬಂದಾಗ ಅವರು ಕತ್ತಿಯ ಮೇಲಿನ ಕೈಯನ್ನು ಅರೆಕ್ಷಣ ತಡೆದು, ‘ಇದನ್ನು ಬರೆದವನು ಸಂಸಾರ ಮಾಡಿದವನೇ ಸೈ’ ಅಂದಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ಮುಂದೆ ಕಾಲೇಜಿನಲ್ಲಿಯೂ ನಾನು ಕೇಳಲಿಲ್ಲ.

ಇದು ಏಕಾಏಕಿ ಆದದ್ದಲ್ಲ. ಮಲೆನಾಡಿನಲ್ಲಿ ‘ಪದ್ಯ’ ಎಂದರೆ ಭಾಗವತರು ಹೇಳುವಂಥದ್ದು. ಯಕ್ಷಗಾನದ ಊರಿನಲ್ಲಿ ಪದ್ಯವನ್ನು ಓದುವುದಿಲ್ಲ, ಕೇಳುತ್ತಾರೆ, ಅದೂ ರಾತ್ರಿಯಿಡೀ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರ ಪದ್ಯಗಳ ಕ್ಯಾಸೆಟ್ಟುಗಳು ಘಟ್ಟದ ಮೇಲೆ ಮನೆಮನೆಯಲ್ಲಿದ್ದವು. 1990ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್ ನಾಗ್ ಅವರನ್ನೂ ರಸ್ತೆಯೇ ಕಸಿದುಕೊಂಡಿತು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿ ಇಡೀ ದೇಶದ ದೂರದರ್ಶನಕ್ಕೆ ತೋರಿಸಿದ್ದ ಮನುಷ್ಯ ಅವರು; ಆಗುಂಬೆಯ ಕಡೆಯವರು ಆ ಸುದ್ದಿಯನ್ನು ಮನೆಯವರ ಸಾವಿನಂತೆಯೇ ತೆಗೆದುಕೊಂಡರು. ಹೀಗೆ ಎರಡು ಅಗಲಿಕೆಗಳೊಂದಿಗೆ ನಮ್ಮ ತೊಂಬತ್ತರ ದಶಕ ತೆರೆದುಕೊಂಡಿತು.

ಕವಿತೆಯನ್ನು ಕ್ಯಾಸೆಟ್ಟಿಗೆ ತರುವ ಕೆಲಸದ ಬುನಾದಿಯಲ್ಲೂ ಶಿವಮೊಗ್ಗದ ಪಾಲಿದೆ. ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಅವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದದ್ದೂ ಅದೇ ಸುಮಾರಿಗೆ. ಬೀಜ ಎಪ್ಪತ್ತರ ದಶಕದ್ದು; ಆದರೆ ಟೇಪ್‌ರೆಕಾರ್ಡರ್ ಎಂಬುದು ಉಳ್ಳವರ ಮನೆಯಿಂದ ಕೂಲಿಯವರ ಲೈನುಮನೆಯವರೆಗೆ ಇಳಿದುಬಂದಾಗ ಮಾತ್ರ ಬೆಳೆ ಕೈಗೆ ಹತ್ತಿತು. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ರಾಗಗಳು ಅವರ ಹೆಸರು ತಿಳಿಯದವರ ಬಾಯಲ್ಲೂ ಇದ್ದವು.

1992ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಮೈಸೂರು ಮಲ್ಲಿಗೆ’ ಬಂತು. ಅದನ್ನು ನೋಡಲು ನಮ್ಮ ಮನೆಯಿಂದ ಏಳು ಜನ ಖಾಸಗಿ ಬಸ್ಸಿನಲ್ಲಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗಿದ್ದೆವು. 1942ರಲ್ಲಿ ಪ್ರಕಟವಾದ ಒಂದು ಕವನ ಸಂಕಲನ ಐವತ್ತು ವರ್ಷಗಳ ನಂತರ ಸಿನಿಮಾ ಆಗುವುದು, ಅದಕ್ಕೆ ಸಿ. ಅಶ್ವಥ್ ಅವರು ಸಂಗೀತ ಕೊಡುವುದು, ವೃದ್ಧರಾಗಿದ್ದ ನರಸಿಂಹಸ್ವಾಮಿಯವರಿಗೆ ಚಲನಚಿತ್ರ ಗೀತರಚನೆಯ ರಾಷ್ಟ್ರಪ್ರಶಸ್ತಿ ಸಿಗುವುದು, ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಆ ಕಾಲ ಎಂಥದ್ದೆಂದು ತಿಳಿಯುತ್ತದೆ. ಟಾಕೀಸಿನಲ್ಲಿ ನಮ್ಮ ಹಿಂದಿನ ಸಾಲಿನ ಹೆಂಗಸರು ತೆರೆಯ ಮೇಲಿನ ಹಾಡಿನ ಜೊತೆ ತಾವೂ ಹಾಡುತ್ತಿದ್ದರು, ಯಾರೂ ಸುಮ್ಮನಿರಿ ಎನ್ನಲಿಲ್ಲ. ಹೊಸ ಚಿತ್ರದ ಮೊದಲ ವಾರದಲ್ಲೇ ಪ್ರೇಕ್ಷಕರಿಗೆ ಹಾಡುಗಳು ಬಾಯಿಪಾಠವಾಗಿದ್ದವು, ಏಕೆಂದರೆ ಅವು ಅವರ ಅಡುಗೆಮನೆಯ ಹಾಡುಗಳೇ ಆಗಿದ್ದವು.

ಅದರ ಮರುವರ್ಷದ ‘ಚಿನ್ನಾರಿ ಮುತ್ತ’ ಮಕ್ಕಳ ಸಿನಿಮಾ. ಅದರ ಹಾಡುಗಳನ್ನು ಬರೆದವರು ಎಚ್.ಎಸ್. ವೆಂಕಟೇಶಮೂರ್ತಿ, ಸಂಗೀತ ಮತ್ತೆ ಅಶ್ವಥ್ ಅವರದು. ವೆಂಕಟೇಶಮೂರ್ತಿಯವರ ಊರು ಚನ್ನಗಿರಿ ತಾಲ್ಲೂಕಿನ ಹೋದಿಗೆರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದುದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಅಭ್ಯಾಸವನ್ನು ನಾನು ಇನ್ನೂ ಬಿಟ್ಟಿಲ್ಲ. ಆ ಹಾಡುಗಳು ನಮ್ಮ ಶಾಲೆಯ ವಾರ್ಷಿಕೋತ್ಸವಗಳಿಗೆ ಬಂದ ವೇಗ ಅಚ್ಚರಿಯದು. ಮಕ್ಕಳಿಗೆ ಬರೆದ ಪದ್ಯವನ್ನು ಮಕ್ಕಳೇ ಕೇಳಿ ಕೇಳಿ ಹಾಡುವಂತಾದದ್ದು ಸಣ್ಣ ಮಾತಲ್ಲ. ನಮ್ಮ ಸಂಘದ ಕನ್ನಡ ಕಲಿ ತರಗತಿಯಲ್ಲಿ ಇಂದಿಗೂ ಐದಾರು ವರ್ಷದ ಮಕ್ಕಳಿಗೆ ಮೊದಲು ಬರುವುದು ಅವೇ ಹಾಡುಗಳು.

ಚಲನಚಿತ್ರದ ಹಾಡಿನ ಮುಖ್ಯಧಾರೆಯೂ ಆಗ ತನ್ನ ಎತ್ತರದಲ್ಲಿತ್ತು. 1992ರ ‘ಜೀವನ ಚೈತ್ರ’ದ ಹಾಡಿಗಾಗಿ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಪದವನ್ನೂ ರಾಗವನ್ನೂ ತಾವೇ ಕಟ್ಟುತ್ತಿದ್ದ ಹಂಸಲೇಖ ಅವರಿಗೆ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕಾಗಿ, ಅದೇ ಚಿತ್ರದಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಗಳು ಬಂದವು. ನಮ್ಮ ರಾಜ್ಯೋತ್ಸವದಲ್ಲಿ ಎಲ್ಲರೂ ಎದ್ದು ನಿಂತು ಹಾಡುವ, ಕನ್ನಡ ನಾಡಿನಲ್ಲೇ ಹುಟ್ಟಬೇಕೆನ್ನುವ ಹಾಡು 1993ರ ‘ಆಕಸ್ಮಿಕ’ದ್ದು. ಆಗುಂಬೆಯ ಸಂಜೆಯ ಮೇಲಿನ ಹಾಡೂ ಅದೇ ಚಿತ್ರದ್ದೇ. ಆ ಹಾಡು ಕೇಳಿ ಸೂರ್ಯಾಸ್ತ ನೋಡಲು ಬರುವವರಿಗೆ ಊರಿನವರು ಮಳೆಗಾಲ ಕಳೆದ ಮೇಲೆ ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಾಣುವುದು ಮೋಡ ಮಾತ್ರ.

ಕಿರುತೆರೆಯ ಮಾತಿಗೆ ಬಂದರೆ, ಮಲೆನಾಡಿನಲ್ಲಿ ಅದು ಸುಲಭಕ್ಕೆ ಒಲಿದು ಬಂದದ್ದಲ್ಲ. ಕಣಿವೆಯ ಮನೆಗಳಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಉದ್ದನೆಯ ಬಿದಿರಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಹೆಂಚಿನ ಮಾಡಿನ ಪಕ್ಕದಲ್ಲಿ ಅದನ್ನು ತಿರುಗಿಸುತ್ತ, ಇನ್ನೊಬ್ಬ ಕಿಟಕಿಯಲ್ಲಿ ನಿಂತು ‘ಈಗ ಬಂತು, ಹೋಯ್ತು, ಸ್ವಲ್ಪ ಗುಡ್ಡದ ಕಡೆ ತಿರುಗ್ಸೋ’ ಎಂದು ಕೂಗುತ್ತ, ನಡುವೆ ಒಂದು ಮಳೆ ಬಂದರೆ ಮತ್ತೆ ಮೊದಲಿನಿಂದ. ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಕೆಲವರ ಅಂಗಳದಲ್ಲಿ ದೊಡ್ಡ ಜಾಲರಿಯ ಡಿಶ್ಶುಗಳು ಎದ್ದವು, ಮತ್ತು ಆ ಮನೆಯ ಜಗುಲಿಯೇ ಊರಿನ ಟಾಕೀಸಾಯಿತು. ಅಂಥ ಒಂದು ಜಗುಲಿಯಲ್ಲಿ ನಾನು 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ‘ಮಾಯಾಮೃಗ’ ನೋಡಿದೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಬರುತ್ತಿದ್ದ ಆ ಧಾರಾವಾಹಿಯ ಶೀರ್ಷಿಕೆ ಗೀತೆಯನ್ನೂ ಬರೆದವರು ವೆಂಕಟೇಶಮೂರ್ತಿಯವರೇ, ರಾಗ ಹಾಕಿದವರು ಅಶ್ವಥ್. ಇಳಿಹೊತ್ತಿನಲ್ಲಿ ಆ ಹಾಡು ಮೊದಲಾದರೆ ಕೊಟ್ಟಿಗೆಯಲ್ಲಿದ್ದವರು ಹಾಲಿನ ತಂಬಿಗೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ರಾಮಾಯಣದ ಒಂದು ಪ್ರತಿಮೆಯನ್ನು ಹಿಡಿದು ಮಧ್ಯಮ ವರ್ಗದ ಆಸೆಗಳನ್ನು ಕುರಿತು ಬರೆದ ಕವಿತೆ ಅದು. ದಿನವೂ ಅದನ್ನು ಕೇಳಿದವರು ತಾವು ಕವಿತೆ ಕೇಳುತ್ತಿದ್ದೇವೆಂದು ಎಂದೂ ಭಾವಿಸಲಿಲ್ಲ. ನಾನು ಹೇಳುತ್ತಿರುವ ಮೈಲಿಗಲ್ಲು ಇದೇ.

ಸಾಗರದ ಹತ್ತಿರದ ಹೆಗ್ಗೋಡನ್ನು ಇಲ್ಲಿ ಮರೆಯುವಂತಿಲ್ಲ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಳ್ಳಿಯೊಂದು ಜಗತ್ತಿನ ಸಿನಿಮಾ ಮತ್ತು ನಾಟಕವನ್ನು ನೋಡಬಲ್ಲದು ಎಂಬ ಮಾತು ಎಲ್ಲರಿಗೂ ಕೇಳಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ ಅವರ ‘ತಾಯಿ ಸಾಹೇಬ’ ಸ್ವರ್ಣಕಮಲ ಪಡೆದದ್ದೂ, ಕುವೆಂಪು ಅವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾರ್ನಾಡ್ ಅವರು 1999ರಲ್ಲಿ ‘ಕಾನೂರು ಹೆಗ್ಗಡಿತಿ’ ತೆಗೆದದ್ದೂ ಈ ದಶಕದಲ್ಲೇ. ಆ ಚಿತ್ರ ಬರುವ ಹೊತ್ತಿಗೆ ಕುವೆಂಪು ಅವರಿರಲಿಲ್ಲ. 1994ರ ನವೆಂಬರ್ 11ರಂದು ಅವರು ತೀರಿಕೊಂಡರು, ಕುಪ್ಪಳಿಯ ಕವಿಶೈಲದಲ್ಲಿ ಮಣ್ಣಾದರು.

ಕವಿತೆಗೆ ರಾಗ ಹಾಕುವುದನ್ನು ಒಪ್ಪದ ಹಿರಿಯರು ಆಗಲೂ ಇದ್ದರು. ರಾಗದ ಇಂಪಿನಲ್ಲಿ ಅರ್ಥ ಕರಗಿಹೋಗುತ್ತದೆ ಎನ್ನುವ ಅವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಕೆಲವು ಕ್ಯಾಸೆಟ್ಟುಗಳಲ್ಲಿ ವಾದ್ಯಗಳ ಅಬ್ಬರಕ್ಕೆ ಪದವೇ ಕೇಳಿಸುತ್ತಿರಲಿಲ್ಲ. ಆದರೆ ಗೋಪಾಲಕೃಷ್ಣ ಅಡಿಗರ ಉದಾಹರಣೆಯನ್ನು ನೋಡಿ. ಅಡಿಗರು ಅರವತ್ತರ ದಶಕದಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ನವ್ಯಕಾವ್ಯದ ಕಠಿಣ ಕವಿ ಎಂದು ಹೆಸರಾದವರು. ದಶಕದ ಮಧ್ಯಭಾಗದಲ್ಲಿ ನಾಗತಿಹಳ್ಳಿ ಚಂದ್ರಶೇಖರ ಅವರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಮನೋಮೂರ್ತಿಯವರ ಸಂಗೀತದೊಂದಿಗೆ ಅಡಿಗರ ‘ಯಾವ ಮೋಹನ ಮುರಳಿ’ ಬಂದಾಗ ಏನಾಯಿತೆಂದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಇರುವುದನ್ನು ಬಿಟ್ಟು ಇಲ್ಲದ ಕಡೆಗೆ ಹೊರಡುವ ಮನಸ್ಸಿನ ಕವಿತೆ ಅದು. ಬರೆದಾಗ ಕವಿಯ ಕಣ್ಣ ಮುಂದೆ ವೀಸಾ, ವಿಮಾನಗಳು ಇರಲಿಲ್ಲ. ಆದರೂ ಮನೆ ಬಿಟ್ಟು ಬಂದ ನಮ್ಮ ಪೀಳಿಗೆಗೆ ಅದು ನಮ್ಮ ಕುರಿತೇ ಬರೆದದ್ದೆನಿಸಿತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಆ ಒಂದೇ ಹಾಡಿಗಾಗಿ ನಾನು ಕ್ಯಾಸೆಟ್ಟನ್ನು ಹಿಂದೆ ಸುತ್ತಿ ಸುತ್ತಿ ಕೇಳುತ್ತಿದ್ದೆ. ಅದರ ಅರ್ಥ ಕರಗಲಿಲ್ಲ. ಹತ್ತನೆಯ ಸಲ ಕೇಳುವಾಗ ಮೊದಲ ಸಲ ಹೊಳೆಯದ್ದು ಹೊಳೆಯಿತು.

ಸಂಘದ ಕಚೇರಿಗೆ ಸದಸ್ಯರೊಬ್ಬರು ಸುಸ್ಥಿತಿಯಲ್ಲಿರುವ ಕ್ಯಾಸೆಟ್ ಡೆಕ್ ಒಂದನ್ನು ಕೊಟ್ಟಿದ್ದಾರೆ. ಆ ಕಾಲದ ಭಾವಗೀತೆ, ಯಕ್ಷಗಾನ, ನಾಟಕ, ಹರಿಕಥೆಯ ಕ್ಯಾಸೆಟ್ಟುಗಳು ನಿಮ್ಮ ಅಟ್ಟದ ಪೆಟ್ಟಿಗೆಗಳಲ್ಲಿ ಇದ್ದರೆ ಮುಂದಿನ ಸಭೆಗೆ ತನ್ನಿ, ಅವುಗಳನ್ನು ಕಂಪ್ಯೂಟರಿಗೆ ಇಳಿಸಿ ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ. ಟೇಪಿಗೆ ಬೂಸಲು ಹಿಡಿದಿದ್ದರೆ ಹಾಕಿ ನೋಡಬೇಡಿ, ಹಾಗೆಯೇ ತನ್ನಿ. ಹಾಡಿನ ನಡುವೆ ಮನೆಯವರ ಮಾತು ದಾಖಲಾಗಿರುವ ಕ್ಯಾಸೆಟ್ಟುಗಳನ್ನು ಹಾಳಾದವೆಂದು ಬದಿಗಿಡಬೇಡಿ. ಕಳೆದ ವಾರ ನಾನೇ ಇಳಿಸಿದ ಒಂದರಲ್ಲಿ, ಎರಡು ಹಾಡುಗಳ ನಡುವಿನ ಮೌನದಲ್ಲಿ, ಮೆಟ್ಟುಗತ್ತಿಯ ಸದ್ದಿನ ಹಿಂದೆ ದೊಡ್ಡಮ್ಮ ಯಾರಿಗೋ ‘ಆ ಬದಿ ಮಗುಚಿ ಹಾಕು ಮಾರಾಯ’ ಎನ್ನುತ್ತಿದ್ದಾರೆ.

ಸಂಪಾದಕ